ಚಿಲುಮೆಯ ಬಳಿ ಬಿಟ್ಟ ಜಾಗ

ನೂರ ಹನ್ನೆರಡನೆಯ ಹಾಳೆಯನ್ನು ಬರೆದು ಮುಗಿಸಿದ ಖಾವರ್, ಶಾಯಿ ಒಣಗಲೆಂದು ಅದನ್ನು ಕಿಟಕಿಯ ಬಳಿ ಇಟ್ಟು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು. ಬೀಜ ಉಗುಳುವ ಮೊದಲೇ ತಾನು ಮಾಡಿದ ತಪ್ಪು ಅವಳಿಗೆ ಕಂಡಿತು.

ಹಾಳೆಯ ಮೇಲ್ಗಡೆ ಐದು ಸಾಲು ಪದ್ಯ, ಕೆಳಗಡೆ ಎರಡು ಸಾಲು. ನಡುವೆ ಗೇಣುದ್ದದ ಖಾಲಿ ಚೌಕ. ಚಿತ್ರಕ್ಕೆಂದು ಅವಳೇ ಬಿಟ್ಟ ಜಾಗ. ಅಳತೆ ಸರಿಯಾಗಿತ್ತು, ಅಂಚು ನೇರವಾಗಿತ್ತು. ಆದರೆ ಆ ಜಾಗ ಇರಬೇಕಾದದ್ದು ಹದಿನೇಳನೆಯ ಹಾಳೆಯಲ್ಲಿ.

ಬೆರಳು ಒರೆಸಿಕೊಂಡು ಬರೆದಿಟ್ಟ ಹಾಳೆಗಳ ಕಟ್ಟನ್ನು ಬಿಚ್ಚಿದಳು. ಹದಿನೇಳನೆಯದು ಸಿಕ್ಕಿತು. ಮೇಲಿನಿಂದ ಕೆಳಗಿನವರೆಗೆ ಅಕ್ಷರವೇ ಅಕ್ಷರ. ಒಂದು ಇರುವೆ ಕೂರುವಷ್ಟೂ ಜಾಗವಿರಲಿಲ್ಲ.

ಶೀರಾಜ್ ಪಟ್ಟಣದ ಅವರ ಓಣಿಯಲ್ಲಿ ಪುಸ್ತಕ ಮಾಡದ ಮನೆಯೇ ಇರಲಿಲ್ಲ. ಖಾವರ್ ಪದ್ಯ ಬರೆಯುತ್ತಿದ್ದಳು. ಗಂಡ ಹುಮಾಮ್ ಚಿತ್ರ ತುಂಬುತ್ತಿದ್ದ. ಮಗಳು ಗುಲಂದಾಮ್ ಅಂಚಿಗೆ ಚಿನ್ನದ ಗೆರೆ ಎಳೆದು ತಲೆಬರಹ ಬಿಡಿಸುತ್ತಿದ್ದಳು. ಅಳಿಯ ಹೊಲಿದು ರಟ್ಟು ಕಟ್ಟುತ್ತಿದ್ದ. ಬರ್ಜೀನ್ ಮತ್ತು ನಾಹೀದರ ಪ್ರೇಮಕಥೆಯನ್ನು ಖಾವರ್ ಬರೆಯುತ್ತಿದ್ದದ್ದು ಇದು ಹನ್ನೆರಡನೆಯ ಸಲ. ಅದರಲ್ಲಿ ಒಂದು ದ್ವಿಪದಿ ಎರಡು ಕಡೆ ಬರುತ್ತದೆ:

ಚಿನಾರಿನ ನೆರಳಲ್ಲಿ ಕುದುರೆ ನಿಂತಿತು ತಾನೇ,
ನೀರ ಬಳಿ ನಿಂತವಳು ತಿರುಗಿ ನೋಡಿದಳು.

ದ್ವಿಪದಿ ಮೊದಲ ಸಲ ಬಂದಾಗ ಬರ್ಜೀನನಿಗೆ ಹದಿನೆಂಟು. ನೀರಿನ ಚಿಲುಮೆಯ ಬಳಿ ನಾಹೀದ್ ಅವನಿಗೆ ಒಂದು ದಾಳಿಂಬೆ ಒಡೆದು ಅರ್ಧ ಕೊಡುತ್ತಾಳೆ. ಆಮೇಲೆ ಕುಲಗಳ ಜಗಳ ಹತ್ತಿ, ಅವಳ ಜನ ಬೆಟ್ಟ ದಾಟಿ ಹೋಗುತ್ತಾರೆ. ಯುದ್ಧ, ಸೆರೆ, ಅಲೆದಾಟ, ನಲವತ್ತು ವರ್ಷ. ಕೊನೆಯಲ್ಲಿ ಅದೇ ಚಿಲುಮೆಗೆ ಅದೇ ದ್ವಿಪದಿಯ ಜೊತೆ ಬರ್ಜೀನ್ ಮರಳಿ ಬರುತ್ತಾನೆ. ಕವಿ ಬೇಕೆಂದೇ ಹಾಗೆ ಮಾಡಿದ್ದಾನೆ. ಆದರೆ ಕೊಳ್ಳುವವರಿಗೆ ಬೇಕಾದದ್ದು ಮೊದಲ ಭೇಟಿಯ ಚಿತ್ರ. ಹನ್ನೊಂದು ಪ್ರತಿಗಳಲ್ಲೂ ಖಾವರ್ ಹದಿನೇಳನೆಯ ಹಾಳೆಯಲ್ಲೇ ಜಾಗ ಬಿಟ್ಟಿದ್ದಳು.

ಈ ಸಲ ಆ ಹಾಳೆ ಬರೆದ ದಿನ ಪಕ್ಕದ ಮನೆಯ ಶಹರ್‌ಬಾನು ಮೊಮ್ಮಗನಿಗೆ ಹೆಸರಿಡುತ್ತಿದ್ದಳು. ಬೆಳಗಿನಿಂದ ಡೋಲು. ಕೈ ತನ್ನ ಪಾಡಿಗೆ ಬರೆದುಕೊಂಡು ಹೋಯಿತು, ಕಣ್ಣು ನೋಡಲಿಲ್ಲ. ಇವತ್ತು ಅದೇ ದ್ವಿಪದಿ ಎದುರಾದಾಗ, ಹನ್ನೊಂದು ಸಲದ ಅಭ್ಯಾಸ ಕೈಯನ್ನು ನಿಲ್ಲಿಸಿ ಜಾಗ ಬಿಡಿಸಿತ್ತು.

ಅವಳು ಇಷ್ಟು ಹೆದರಿದ್ದಕ್ಕೆ ಬೇರೆಯೇ ಕಾರಣವಿತ್ತು. ಪುಸ್ತಕದ ವ್ಯಾಪಾರಿ ಖ್ವಾಜಾ ಸಾಬಿರ್ ಹೊಸವರ್ಷದ ಹಬ್ಬಕ್ಕೆ ಬಂದಿದ್ದಾಗ, ಅವಳ ಕೈಬರಹವನ್ನು ಬೆಳಕಿಗೆ ಹಿಡಿದು ನೋಡಿ, "ಖಾವರ್ ಬೀಬಿ, ಬೇಜಾರು ಮಾಡ್ಕೋಬೇಡಿ. ಅಕ್ಷರದ ಕಾಲು ಸ್ವಲ್ಪ ನಡುಗ್ತಾ ಇದೆ. ಶಹರ್‌ಬಾನು ಸೊಸೆ ಬರೆಯೋದು ನೋಡಿದೀರಾ? ಇದೊಂದು ಪುಸ್ತಕ ಆಗ್ಲಿ, ಆಮೇಲೆ ನೋಡೋಣ" ಎಂದಿದ್ದ. ಈ ಪುಸ್ತಕ ಕೆಟ್ಟರೆ ಲೇಖನಿ ಪಕ್ಕದ ಮನೆಗೆ ಹೋಗುತ್ತದೆ. ಹನ್ನೆರಡು ವರ್ಷದವಳಿದ್ದಾಗಿನಿಂದ ಜೊಂಡು ಕೆತ್ತಿ ಬರೆದ ಕೈ, ಇನ್ನು ಮುಂದೆ ಸೊಪ್ಪು ಸೋಸುತ್ತ ಕೂರಬೇಕು.

"ಉಸ್ತಾದ್, ಸ್ವಲ್ಪ ಬನ್ನಿ ಇಲ್ಲಿ," ಎಂದು ಕರೆದಳು.

"ಹಸಿರು ಅರೀತಾ ಇದೀನಿ," ಒಳಗಿನಿಂದ ಹುಮಾಮನ ದನಿ. "ಈಗ ಬಿಟ್ರೆ ಗಟ್ಟಿಯಾಗುತ್ತೆ."

"ಆಗ್ಲಿ ಬಿಡಿ."

ಹುಮಾಮ್ ಕೈಯನ್ನೂ ತೊಳೆಯದೆ ಓಡಿ ಬಂದ. ಬಣ್ಣ ಕೆಟ್ಟರೆ ಕೆಡಲಿ ಎಂದು ಮೂವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಹೇಳಿರಲಿಲ್ಲ.

ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ಡೋಲು ಬಾರಿಸಿದ್ರಲ್ಲ, ಆವತ್ತಾ?"

"ಆವತ್ತೇ."

"ಆ ಮಗುವಿಗೆ ಒಳ್ಳೇ ಹೆಸರೇ ಇಟ್ಟಿರಬೇಕು. ಇಷ್ಟು ಗದ್ದಲ ಮಾಡಿದಾರೆ."

ಅಷ್ಟರಲ್ಲಿ ಗುಲಂದಾಮ್ ಬಂದು ಇಣುಕಿದಳು. ವಿಷಯ ತಿಳಿದು ತಲೆಯ ಮೇಲೆ ಕೈ ಹೊತ್ತಳು. "ಅಮ್ಮಾ! ನೂರ ಹನ್ನೊಂದರ ತನಕ ಚಿನ್ನದ ಗೆರೆ ಎಳೆದಿಟ್ಟಿದೀನಿ. ಹದಿನೇಳರಲ್ಲಿ ಜಾಗ ಬಿಟ್ರೆ ಮುಂದಿನ ಪದ್ಯ ಎಲ್ಲಾ ಜರಗುತ್ತೆ. ಅಷ್ಟನ್ನೂ ಮತ್ತೆ ಬರೀಬೇಕಾಗುತ್ತೆ."

"ಖ್ವಾಜಾ ಬರೋದು ಯಾವಾಗ?" ಹುಮಾಮ್ ಕೇಳಿದ.

"ಇನ್ನು ಹನ್ನೆರಡು ದಿನ," ಎಂದಳು ಖಾವರ್. "ಯಜ್ದ್‌ಗೆ ಹೋಗೋ ವ್ಯಾಪಾರಿಗಳ ತಂಡದ ಜೊತೆ ಕಳಿಸ್ತಾನಂತೆ. ಅಲ್ಲೊಬ್ಬ ಮದುಮಗಳಿಗೆ ಉಡುಗೊರೆ."

ಹದಿನೇಳರ ಪಕ್ಕ ಬಿಡಿ ಹಾಳೆಯೊಂದನ್ನು ಸೇರಿಸಿ ಅದರಲ್ಲಿ ಚಿತ್ರ ಬರೆದರೆ ಹೇಗೆಂದು ಗುಲಂದಾಮ್ ಕೇಳಿದಳು. ಆದರೆ ಅಂಟಿಸಿದ ಹಾಳೆಯನ್ನು ಖ್ವಾಜಾ ಕೂಡಲೇ ಗುರುತಿಸುತ್ತಿದ್ದ; ಮೇಲಾಗಿ ನೂರ ಹನ್ನೆರಡರ ಖಾಲಿ ಚೌಕ ಉದುರಿದ ಹಲ್ಲಿನ ಜಾಗದ ಹಾಗೆ ಉಳಿಯುತ್ತಿತ್ತು. ಅದನ್ನು ಹೇಗೂ ತುಂಬಲೇಬೇಕು.

"ನೋಡು ಖಾವರ್," ಹುಮಾಮ್ ಹೇಳಿದ, "ಓದೋರು ಯಾರಿದಾರೆ? ಜನ ನೋಡೋದು ಚಿತ್ರಾನ. ನಮ್ಮ ಹಳೇ ಜೋಡೀನೇ ಇಲ್ಲಿಗೆ ಇಳಿಸ್ತೀನಿ. ಅದೇ ಚಿಲುಮೆ, ಅದೇ ಮರ. ಮುಗೀತು."

ಖಾವರ್ ಚೌಕದ ಕೆಳಗಿನ ಎರಡು ಸಾಲುಗಳ ಮೇಲೆ ಬೆರಳಿಟ್ಟು ಓದಿದಳು:

ಕೂದಲಿಗೆ ಹಿಮ ಬಿದ್ದಿದೆ, ಬೆನ್ನಿಗೆ ವರ್ಷ;
"ಹಣ್ಣಿನ ಇನ್ನರ್ಧ ತಂದಿದ್ದೇನೆ, ತಿನ್ನು" ಎಂದಳು.

"ಇದರ ಮೇಲೆ ಹದಿನೈದು ವರ್ಷದ ಹುಡುಗೀನ ಕೂರಿಸ್ತೀರಾ? ಮದುಮಗಳು ಓದು ಬಲ್ಲವಳಂತೆ. ಪುಸ್ತಕ ತೆಗೆದ ದಿನಾನೇ ನಗ್ತಾಳೆ. ಬರೆದವಳಿಗೆ ಕಣ್ಣಿಲ್ಲ, ಚಿತ್ರ ತುಂಬಿದವನಿಗೆ ಬುದ್ಧಿಯಿಲ್ಲ ಅಂತ."

ಹುಮಾಮ್ ಎದ್ದ. ಒಳಗೆ ಹೋಗಿ ಅಜ್ಜನ ಕಾಲದ ಪೆಟ್ಟಿಗೆಯನ್ನು ಎಳೆದು ತಂದ.

ಆ ಪೆಟ್ಟಿಗೆಯೇ ಅವನ ಕಸುಬು. ಜಿಂಕೆಯ ತೊಗಲನ್ನು ಹಿಂದಿನದು ಕಾಣುವಷ್ಟು ತೆಳ್ಳಗೆ ಹದಮಾಡಿ, ಚಿತ್ರದ ಗೆರೆಗುಂಟ ಸೂಜಿಯಿಂದ ತೂತು ಚುಚ್ಚಿ ಮಾಡಿದ ಅಚ್ಚುಗಳು ಅದರಲ್ಲಿದ್ದವು. ಹಾಳೆಯ ಮೇಲೆ ತೊಗಲಚ್ಚನ್ನು ಇಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದರೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಇಳಿಯುತ್ತಿತ್ತು; ಆಮೇಲೆ ಚುಕ್ಕೆ ಸೇರಿಸಿ ಬಣ್ಣ ತುಂಬುವುದು. ಬೇಟೆ, ಯುದ್ಧ, ಆಸ್ಥಾನ, ಚೆಂಡಾಟ, ಎಲ್ಲಕ್ಕೂ ಅಚ್ಚು. ಓಣಿಯ ಎಲ್ಲ ಮನೆಗಳಲ್ಲೂ ಹೀಗೆಯೇ. ಅದಕ್ಕೇ ಶೀರಾಜಿನಿಂದ ಹೋದ ಪುಸ್ತಕಗಳಲ್ಲಿ ಪ್ರೇಮಿಗಳಿಗೆಲ್ಲ ಒಂದೇ ಮುಖ: ಹುಣ್ಣಿಮೆಯಂಥ ಗುಂಡು ಮುಖ, ಚಿಕ್ಕ ಬಾಯಿ, ಕಿವಿಯವರೆಗೆ ಎಳೆದ ಕಣ್ಣು. ಅವರಿಗೆ ವಯಸ್ಸೆಂಬುದೇ ಆಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಮುದುಕರು ಇಬ್ಬರೇ: ಸಂದೇಶ ಒಯ್ಯುವ ಗೂನುಬೆನ್ನಿನ ದಾದಿ, ಮತ್ತು ಭಿಕ್ಷಾಪಾತ್ರೆ ಹಿಡಿದ ಫಕೀರ.

ಎರಡು ದಿನ ಕಳೆದು ಹುಮಾಮ್ ಅವರಿಬ್ಬರನ್ನೂ ಒಂದು ರದ್ದಿ ಹಾಳೆಯ ಮೇಲೆ ಇಳಿಸಿ, ನಡುವೆ ಚಿಲುಮೆ ಬರೆದು ತಂದ. ಗುಲಂದಾಮ್ ನೋಡಿದಳು, ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

"ಅಪ್ಪಾ, ಅಜ್ಜಿ ಭಿಕ್ಷೆ ಹಾಕ್ತಿದಾಳೆ. ಮುಂದಿನ ಮನೆಗೆ ಹೋಗಪ್ಪಾ ಅಂತಾನೂ ಅಂತಿದಾಳೆ."

ಖಾವರ್ ನಗಲಿಲ್ಲ. ಮುದಿತನವೆಂದರೆ ನಗಿಸುವುದಕ್ಕೆ, ಇಲ್ಲವೇ ಬುದ್ಧಿ ಹೇಳುವುದಕ್ಕೆ ಎಂದೇ ಆ ಪೆಟ್ಟಿಗೆ ತಿಳಿದಿತ್ತು. ಪ್ರೀತಿಸುವ ಮುದುಕಿಯೊಬ್ಬಳು ಅದರಲ್ಲಿ ಇರಲೇ ಇಲ್ಲ.

"ಅಚ್ಚಿಲ್ಲದೆ ಬರೆಯೋಕೆ ಆಗಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಅಚ್ಚಿಲ್ಲದೆ ನಾನು ಏನು ಬರೆದಿದೀನಿ ಹೇಳು? ಬಂಡೆ, ಹುಲ್ಲು, ಮೋಡ. ಮುಖ ಬರೆದಿಲ್ಲ." ತನ್ನ ಅಂಗೈಗಳನ್ನು ನೋಡಿಕೊಂಡ. "ಜನ ನನ್ನ ಉಸ್ತಾದ್ ಅಂತಾರೆ. ನಾನು ಇದ್ದಿಲು ತಟ್ಟೋನು."

ಮರುದಿನ ಬೆಳಗ್ಗೆ ಖಾವರ್ ಜೊಂಡಿನ ಲೇಖನಿ ಕೆತ್ತುತ್ತ ಕುಳಿತಿದ್ದಾಗ ಅವನು ಎದುರಿಗೆ ಬಂದು ಕೂತ. ತೊಡೆಯ ಮೇಲೆ ಹಲಗೆ, ಅದರ ಮೇಲೆ ರದ್ದಿ ಹಾಳೆಗಳು.

"ಏನು?"

"ಏನಿಲ್ಲ. ನಿನ್ನ ಕೆಲಸ ನೀನು ಮಾಡು."

ಅವಳು ಕೆತ್ತಿದಳು. ಅವನು ನೋಡಿದ, ಗೆರೆ ಎಳೆದ, ಹಾಳೆ ಮುದ್ದೆ ಮಾಡಿ ಎಸೆದ. ಸಂಜೆಯ ಹೊತ್ತಿಗೆ ಒಂಬತ್ತು ಮುದ್ದೆಗಳಾದವು. ಒಂದನ್ನು ಖಾವರ್ ಬಿಡಿಸಿ ನೋಡಿದಳು. ಅದರಲ್ಲಿದ್ದವಳ ಮೂಗು ಒಂದೂರಿಗೆ, ಕಣ್ಣು ಇನ್ನೊಂದೂರಿಗೆ ಹೊರಟಿದ್ದವು.

"ಇದು ನಾನಾ?"

"ಅಲ್ಲ, ಶಹರ್‌ಬಾನು."

"ಹಾಗಾದ್ರೆ ಸರಿ."

ಅವನ ತೊಡಕು ಏನೆಂದು ಆ ಹೊತ್ತಿಗೆ ಅವಳಿಗೆ ಅರ್ಥವಾಯಿತು. ಅವರ ಚಿತ್ರಗಳಲ್ಲಿ ನೆರಳಿಲ್ಲ. ಮುಖವೆಂದರೆ ಒಂದೇ ಸಮನಾದ ಬಣ್ಣ, ಅದರ ಮೇಲೆ ಕೂದಲೆಳೆಯಷ್ಟು ಗೆರೆ. ಸುಕ್ಕು ಬರೆದ ಕೂಡಲೇ ಪೆಟ್ಟಿಗೆಯ ದಾದಿ ಎದ್ದು ಬರುತ್ತಾಳೆ. ಸುಕ್ಕೇ ಬರೆಯದಿದ್ದರೆ ಹುಡುಗಿಯೇ ಉಳಿಯುತ್ತಾಳೆ. ಈ ಎರಡರ ನಡುವೆ ಇರುವುದು ಒಂದು ಗೆರೆಯ ದಪ್ಪದಷ್ಟು ದಾರಿ. ಅದನ್ನು ಹುಡುಕಲು ಅವನು ಅವಳ ಮುಖವನ್ನು, ಕಳೆದುಹೋದ ಸೂಜಿ ಹುಡುಕುವವನಂತೆ, ಅಂಗುಲ ಅಂಗುಲವಾಗಿ ನೋಡುತ್ತಿದ್ದ.

"ಮದುವೆ ದಿನ ಇಷ್ಟು ನೋಡಿದ್ರೆ ಚೆನ್ನಾಗಿತ್ತು," ಎಂದಳು ಖಾವರ್.

"ಆಗ ನೋಡೋಕೆ ಏನಿತ್ತು? ಪೆಟ್ಟಿಗೇಲಿ ಇರೋ ಮುಖಾನೇ ಇತ್ತು."

ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಅವಳು ಲೇಖನಿಯ ತುದಿಯನ್ನು ಅಗತ್ಯಕ್ಕಿಂತ ಹೆಚ್ಚು ಕೆತ್ತಿಬಿಟ್ಟಳು.

ಮರುದಿನ ಅವನು ಹಳೆಯ ಜೋಡಿಯ ತೊಗಲಚ್ಚನ್ನೇ ತೆಗೆದ. ಹುಡುಗಿ ನಿಂತ ಭಂಗಿ, ಕತ್ತಿನ ಬಾಗು, ಚಾಚಿದ ಕೈ, ಕೈಯಲ್ಲಿನ ಅರ್ಧ ದಾಳಿಂಬೆ, ಇಷ್ಟನ್ನೇ ತಟ್ಟಿ ಇಳಿಸಿಕೊಂಡ. ಮುಖದ ಮೇಲೆ ಇದ್ದಿಲು ಬೀಳದಂತೆ ಬೆರಳು ಅಡ್ಡ ಹಿಡಿದ. "ನಿಂತಿದ್ದು ಅದೇ ಥರ," ಎಂದು ತನಗೆ ತಾನೇ ಹೇಳಿಕೊಂಡ, "ವಯಸ್ಸಾಗಿದ್ದು ಅವಳಿಗೆ, ನಿಲುವಿಗಲ್ಲ." ಆಮೇಲೆ ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ನೂರ ಹನ್ನೆರಡನೆಯ ಹಾಳೆಯ ಮೇಲೇ ಬರೆಯಲು ಕೂತುಬಿಟ್ಟ.

ಮುಂದಿನ ಐದು ದಿನ ಖಾವರ್ ಉಳಿದ ಹಾಳೆಗಳನ್ನು ಬರೆದು ಮುಗಿಸಿದಳು. ಆದರೆ ಗಳಿಗೆಗೊಮ್ಮೆ ನೀರು ಕೊಡುವ ನೆಪದಲ್ಲಿ ಹೋಗಿ ಅವನ ಭುಜದ ಹಿಂದೆ ನಿಲ್ಲುತ್ತಿದ್ದಳು. ಈ ಮನುಷ್ಯನ ಕೆಲಸವನ್ನು ತಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲವೆನಿಸಿತು. ತಾಮ್ರದ ಕಿಲುಬಿನ ಹಸಿರು ಕಾಗದವನ್ನು ತಿನ್ನದಿರಲೆಂದು ಅವನು ಅದಕ್ಕೆ ಕೇಸರಿಯ ಎಸಳು ನೆನೆಸಿದ ನೀರು ಬೆರೆಸುತ್ತಿದ್ದ; ಅದು ಎಲ್ಲರೂ ಮಾಡುವುದೇ. ಆದರೆ ಈ ಸಲ ಕೇಸರಿಯನ್ನು ಒಂದಿಷ್ಟು ಹೆಚ್ಚು ಹಾಕಿ, ಚಿನಾರಿನ ಎಲೆಗಳನ್ನು ಶರತ್ಕಾಲದ ಅಂಚಿಗೆ ತಂದು ನಿಲ್ಲಿಸಿದ. ಮರದ ಬೊಡ್ಡೆಯಲ್ಲಿ ಪೊಟರೆ ಬರೆದ. ಪೊಟರೆಯೊಳಗಿಂದ ಎರಡೇ ಎರಡು ಹಸಿರು ಚಿಗುರು. ಚಿಲುಮೆಗೆ ಬೆಳ್ಳಿಯ ಪುಡಿ ಹಚ್ಚಿ, ಅದರ ಮೇಲೆ ಸದಾ ಬಳಿಯುತ್ತಿದ್ದ ರಕ್ಷಣೆಯ ಅಂಟನ್ನು ಬಳಿಯಲಿಲ್ಲ.

"ಮರೆತ್ರಿ," ಎಂದಳು ಖಾವರ್. "ಬೆಳ್ಳಿ ಕಪ್ಪಾಗುತ್ತೆ."

"ಆಗ್ಲಿ. ಇವರ ಜೊತೆ ನೀರಿಗೂ ವಯಸ್ಸಾಗ್ಲಿ."

ಕೂದಲಿಗೆ ಮಾತ್ರ ಅವನು ಬಣ್ಣವನ್ನೇ ಮುಟ್ಟಲಿಲ್ಲ. ಸೀಸದ ಬಿಳಿಯ ಬಟ್ಟಲು ಪಕ್ಕದಲ್ಲಿದ್ದರೂ ಅದನ್ನು ಸರಿಸಿಟ್ಟ.

"ಅದೂ ವರ್ಷ ಕಳೀತಾ ಕಪ್ಪಾಗುತ್ತೆ," ಎಂದ. "ನೀರು ಕಪ್ಪಾದ್ರೆ ಪರವಾಗಿಲ್ಲ. ಮುದುಕಿ ಕೂದಲು ಕಪ್ಪಾದ್ರೆ ಕಥೆ ಕೆಟ್ಟು ಹೋಯ್ತು."

ಹಾಗಾಗಿ ನಾಹೀದಳ ಮುಸುಕಿನ ಅಂಚಿನಿಂದ ಇಣುಕಿದ ಕೂದಲು, ಖಾವರ್ ಗಂಜಿ ಹಾಕಿ ನುಣುಪಾದ ಅಕೀಕಿನ ಕಲ್ಲಿನಿಂದ ಉಜ್ಜಿದ್ದ ಹಾಳೆಯ ಬಿಳುಪೇ ಆಯಿತು. ಅವಳು ತಪ್ಪಿ ಬಿಟ್ಟಿದ್ದ ಖಾಲಿ ಜಾಗದಲ್ಲಿ ಅಷ್ಟು ಮಾತ್ರ ಖಾಲಿಯಾಗಿಯೇ ಉಳಿಯಿತು.

ಐದನೆಯ ದಿನ ಮಧ್ಯಾಹ್ನ ಅವನು ಕುಂಚ ಕೆಳಗಿಟ್ಟ. ಮೂವರೂ ಬಾಗಿ ನೋಡಿದರು.

ಮುಖದಲ್ಲಿ ಹೊಸದಾಗಿ ಇದ್ದದ್ದು ಎರಡೇ ಗೆರೆ. ಕಣ್ಣಿನ ರೆಪ್ಪೆಯ ಮೇಲೆ ಒಂದು, ಗಲ್ಲದ ಕೆಳಗೆ ಒಂದು. ಅಷ್ಟರಲ್ಲೇ ನಲವತ್ತು ವರ್ಷ ಕೂತಿತ್ತು. ನರೆತ ಗಡ್ಡದ ಬರ್ಜೀನ್ ಕುದುರೆಯ ಪಕ್ಕ ನಿಂತು, ಹಣ್ಣನ್ನು ತೆಗೆದುಕೊಳ್ಳಲು ಕೈ ಚಾಚದೆ ಅವಳನ್ನೇ ನೋಡುತ್ತಿದ್ದ. ಹಳೆಯ ಅಚ್ಚಿನ ಜೋಡಿ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ; ನೋಡುವವರಿಗಾಗಿ ನಿಂತಿದ್ದರು. ಇವರಿಗೆ ನೋಡುವವರ ಗೊಡವೆಯೇ ಇರಲಿಲ್ಲ.

ಗುಲಂದಾಮ್ ಇನ್ನಷ್ಟು ಬಾಗಿದಳು. "ಅಪ್ಪಾ, ಇದೇನು? ನಾಹೀದಳ ನಡುಬೆರಳ ಮೇಲೆ ಕಪ್ಪು ಚುಕ್ಕೆ ಬಿದ್ದಿದೆ."

ಖಾವರ್ ತನ್ನ ಬಲಗೈಯ ನಡುಬೆರಳನ್ನು ನೋಡಿಕೊಂಡಳು. ಲೇಖನಿ ಒತ್ತಿ ಒತ್ತಿ ಗಂಟು ಕಟ್ಟಿದ ಜಾಗದಲ್ಲಿ, ಯಾವ ಸಾಬೂನಿಗೂ ಜಗ್ಗದ ಶಾಯಿಯ ಕಲೆ.

"ದಾಳಿಂಬೆ ಕಲೆ," ಎಂದ ಹುಮಾಮ್, ಬಟ್ಟಲು ತೊಳೆಯಲು ಎದ್ದುಹೋಗುತ್ತ.

ಅಳಿಯ ಪುಸ್ತಕ ಹೊಲಿದು ರಟ್ಟು ಕಟ್ಟಿದ. ಖ್ವಾಜಾ ಸಾಬಿರ್ ಹೇಳಿದ ದಿನವೇ ಬಂದ. ಅಂಗಳದ ನಾರಂಜಿ ಮರದ ಕೆಳಗೆ ದಿಂಬಿಗೊರಗಿ, ಶರಬತ್ತು ಕುಡಿದು, ಮೀಸೆ ಒರೆಸಿಕೊಂಡು ಪುಸ್ತಕ ತೆರೆದ. ಎಲ್ಲ ವ್ಯಾಪಾರಿಗಳ ಹಾಗೆ ಅವನೂ ಮೊದಲು ತೆಗೆಯುವುದು ಚಿಲುಮೆಯ ಚಿತ್ರವನ್ನೇ. ಹದಿನೇಳನೆಯ ಹಾಳೆಗೆ ಬಂದು ಹುಬ್ಬು ಗಂಟಿಕ್ಕಿದ. ಹಿಂದೆ ತಿರುವಿದ, ಮುಂದೆ ತಿರುವಿದ.

"ಎಲ್ರೀ ಹುಡುಗಿ? ಮದುವೆ ಪುಸ್ತಕದಲ್ಲಿ ಹುಡುಗೀನೇ ಇಲ್ವಲ್ಲ?"

"ನೂರ ಹನ್ನೆರಡು ತೆಗೀರಿ, ಖ್ವಾಜಾ," ಎಂದಳು ಖಾವರ್.

ತೆಗೆದ. ನೋಡಿದ. ಪುಸ್ತಕವನ್ನು ಕಣ್ಣಿಗೆ ಹತ್ತಿರ ತಂದ, ದೂರ ಹಿಡಿದ. ಆಮೇಲೆ ಅವಳೆಂದೂ ನೋಡಿರದ ಒಂದು ಕೆಲಸ ಮಾಡಿದ: ಚಿತ್ರದ ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದ. ಓದಿ ಮುಗಿಸಿ ಮತ್ತೆ ಚಿತ್ರ ನೋಡಿದ.

"ಕೊನೇಲಿ ಇವರು ಸಿಗ್ತಾರಾ?" ಎಂದ.

"ಸಿಗ್ತಾರೆ."

"ಹನ್ನೊಂದು ಪ್ರತಿ ಮಾರಿದೀನಿ ನಾನು. ಸತ್ತು ಹೋಗ್ತಾರೆ ಅಂದ್ಕೊಂಡಿದ್ದೆ." ಹಾಳೆಯ ಅಂಚು ಸವರಿ, "ಚಿತ್ರಾನ ಇಲ್ಲಿ ಹಾಕಬೇಕು ಅಂತ ಹೇಳಿದ್ದು ಯಾರು?" ಎಂದು ಕೇಳಿದ.

"ನಾನೇ," ಎಂದ ಹುಮಾಮ್ ಥಟ್ಟನೆ.

ಖಾವರ್ ಅವನ ಕಡೆ ನೋಡಿದಳು. ಆ ಒಂದು ಮಾತಿನ ಕೆಳಗೆ ಅವಳು ಸುಖವಾಗಿ ಅಡಗಿಕೊಳ್ಳಬಹುದಿತ್ತು. ಆದರೆ ನಡುಬೆರಳ ಕಲೆಯನ್ನೂ ಬಿಡದೆ ಬರೆದ ಚಿತ್ರದ ಮುಂದೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಅಲ್ಲ, ಖ್ವಾಜಾ. ನನ್ನ ತಪ್ಪು. ಹದಿನೇಳರಲ್ಲಿ ಜಾಗ ಬಿಡೋದು ಮರೆತೆ, ಇಲ್ಲಿ ಬಿಟ್ಟುಬಿಟ್ಟೆ. ಇವರು ತೇಪೆ ಹಾಕಿದ್ರು ಅಷ್ಟೇ. ಅಕ್ಷರದ ಕಾಲು ನಡುಗ್ತಾ ಇದೆ ಅಂದಿದ್ರಿ. ಈಗ ಕೈಯೂ ತಪ್ಪಿತು. ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ."

ಖ್ವಾಜಾ ಅವಳನ್ನೂ ನೋಡಿದ, ಪುಸ್ತಕವನ್ನೂ ನೋಡಿದ. ಅವನ ಕಣ್ಣು ನಾಹೀದಳ ಮುಖದಿಂದ ಖಾವರ್‌ಳ ಮುಖಕ್ಕೆ ಬಂದು ಅಲ್ಲೇ ಸ್ವಲ್ಪ ನಿಂತಿತು.

"ಖಾವರ್ ಬೀಬಿ, ಇದು ತಪ್ಪು ಅಂತ ಓಣೀಲಿ ಯಾರ ಹತ್ರಾನೂ ಬಾಯಿ ಬಿಡಬೇಡಿ. ಬಿಟ್ರೋ, ಶಹರ್‌ಬಾನು ಸೊಸೆ ನಾಳೆಯಿಂದ ಸಾಲಾಗಿ ತಪ್ಪು ಮಾಡೋಕೆ ಶುರು ಮಾಡ್ತಾಳೆ." ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ. "ಚಳಿಗಾಲಕ್ಕೆ ಇಂಥದ್ದೇ ಇನ್ನೊಂದು ಬೇಕು. ಈ ಮುದುಕ ಮುದುಕೀನೇ ಇರಬೇಕು. ಬರೆಯೋದು ನೀವೇ. ಅಕ್ಷರ ಇಷ್ಟು ನಡುಗಿದ್ರೆ ನಡುಗ್ಲಿ, ಈ ಪದ್ಯಕ್ಕೆ ಹೊಂದುತ್ತೆ."

"ಹಾಗಾದ್ರೆ ಒಂದು ಗಳಿಗೆ ಕೂತಿರಿ," ಎಂದಳು ಗುಲಂದಾಮ್. "ಪುಸ್ತಕ ಕೊಡಿ ಇಲ್ಲಿ."

ಹೊಸ ಜಿಂಕೆತೊಗಲನ್ನು ಚಿತ್ರದ ಮೇಲೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಕುಂಚದಿಂದ ಎತ್ತಿಕೊಂಡಳು. ಖ್ವಾಜಾ ಹೊರಟುಹೋದ ಮೇಲೆ ಸೂಜಿ ಹಿಡಿದು ಚುಚ್ಚತೊಡಗಿದಳು. ಖಾವರ್ ಪಕ್ಕದಲ್ಲೇ ಕೂತು ನೋಡಿದಳು.

"ಗಲ್ಲದ ಹತ್ರ ನಿಧಾನ ಕಣೇ."

"ಯಾಕೆ, ನೋವಾಗ್ತಿದೆಯಾ?"

ಹುಮಾಮ್ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ಸಂಜೆ ಆ ಹೊಸ ತೊಗಲಚ್ಚನ್ನು ಅವನು ಪೆಟ್ಟಿಗೆಯಲ್ಲಿ, ಅಜ್ಜ ಮಾಡಿದ್ದ ಹಳೆಯ ಜೋಡಿಯ ಮೇಲೆಯೇ ಮಡಿಸದೆ ಇಟ್ಟ.

ಹದಿಮೂರನೆಯ ಪ್ರತಿ ಶುರುವಾಯಿತು. ಹದಿನೇಳನೆಯ ಹಾಳೆ ಬಂದ ದಿನ ಎಲ್ಲೂ ಡೋಲು ಇರಲಿಲ್ಲ. ಚಿನಾರಿನ ನೆರಳಲ್ಲಿ ಕುದುರೆ ನಿಂತಿತು. ನೀರ ಬಳಿಯ ಹುಡುಗಿ ತಿರುಗಿ ನೋಡಿದಳು. ಖಾವರ್‌ಳ ಕೈ ನಿಲ್ಲಲು ಹೋಯಿತು. ಅವಳು ಕಣ್ಣು ಕಿರಿದು ಮಾಡಿ ನೋಡಿ, ಜಾಗ ಬಿಡದೆ ಮುಂದೆ ಬರೆದಳು. ಚಳಿ ಶುರುವಾಗುವ ಹೊತ್ತಿಗೆ ನೂರ ಹನ್ನೆರಡಕ್ಕೆ ಬಂದಳು. ಅಲ್ಲಿ ನಿಂತು, ಅಳತೆಯ ದಾರ ಹಿಡಿದು ಗುರುತು ಮಾಡಿದಳು.

ಹಿಂದಿನಿಂದ ಬಂದ ಹುಮಾಮ್ ಬಾಗಿ ನೋಡಿದ. "ಎರಡು ಸಾಲು ಜಾಸ್ತಿ ಬಿಟ್ಟಿದೀಯ. ಮತ್ತೆ ಕೈ ತಪ್ಪಿತಾ?"

"ಇಲ್ಲ," ಎಂದಳು ಖಾವರ್. "ಒಂದು ಬಂಡೆ ಬರೀರಿ. ಆ ವಯಸ್ಸಲ್ಲಿ ಎಷ್ಟು ಹೊತ್ತು ಅಂತ ನಿಂತಿರ್ತಾರೆ? ಕೂತು ತಿನ್ಲಿ."